ಗಾಳಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದವರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನಗಿಂತ ಮೊದಲು ಇಷ್ಟು ಸೊಗಸಾಗಿ ಮಾತಾಡಿ ನನ್ನ ಕೆಲಸವನ್ನು ಕಷ್ಟ ಮಾಡಿಟ್ಟಿರುವ ಮುಖ್ಯ ಅತಿಥಿಗಳೇ, ಈ ಪುನಶ್ಚೇತನ ಆಸ್ಪತ್ರೆಯ ವೈದ್ಯರೇ, ದಾದಿಯರೇ, ಪರರ ಮೈ ಎತ್ತಿ ಇಳಿಸಿ ತಮ್ಮ ಸೊಂಟ ಸವೆಸಿಕೊಂಡಿರುವ ಆಯಾಗಳೇ, ಗಾಲಿಕುರ್ಚಿಗಳಲ್ಲಿ ಬಂದು ಮುಂದಿನ ಸಾಲನ್ನು ನ್ಯಾಯವಾಗಿಯೇ ಆಕ್ರಮಿಸಿಕೊಂಡಿರುವ ಹಿರಿಯರೇ, ಅವರನ್ನು ಕರೆತಂದ ಮಕ್ಕಳೇ, ಸೊಸೆಯರೇ, ಅಳಿಯಂದಿರೇ, ಮತ್ತು ಹಿಂದೆ ಬಾಗಿಲ ಬಳಿ ನಿಂತೇ ಇರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನಾನು ಭಾಷಣಕಾರನಲ್ಲ. ಮೂವತ್ತೊಂದು ವರ್ಷ ಒಂದು ಮೋಟಾರು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇದ್ದವನು. ಅಲ್ಲಿ ನಾನು ಹೇಳಿದ್ದನ್ನು ಮೋಟಾರುಗಳು ಕೇಳುತ್ತಿದ್ದವು, ಕೇಳದಿದ್ದಾಗ ಸುಟ್ಟು ವಾಸನೆ ಬರುತ್ತಿತ್ತು. ಚಪ್ಪಾಳೆಯ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಆದ್ದರಿಂದ ಈಗ ನಿರೂಪಕಿಯವರು ಸನ್ಮಾನ ಪತ್ರವನ್ನು ಓದುತ್ತಿದ್ದಾಗ, ಯಾರಪ್ಪ ಈ ಮಹಾನುಭಾವ ಎಂದು ನಾನೂ ಒಮ್ಮೆ ಕತ್ತು ಹೊರಳಿಸಿ ನೋಡಿದೆ.

ಆ ಪತ್ರದಲ್ಲಿ ಒಂದು ವಾಕ್ಯವಿದೆ. ನೀವೆಲ್ಲ ಕೇಳಿದ್ದೀರಿ. 'ಇವರ ಯಂತ್ರದಿಂದ ಇದುವರೆಗೆ ಒಬ್ಬರಿಗೂ ಒಂದು ಗೀರೂ ಆಗಿಲ್ಲ.' ಆ ವಾಕ್ಯಕ್ಕೇ ಹೆಚ್ಚು ಚಪ್ಪಾಳೆ ಬಿತ್ತು. ನನ್ನ ಅಂಗಿಯ ಜೇಬಿನಲ್ಲಿ ನಾಲ್ಕು ಪುಟದ ಭಾಷಣವಿದೆ; ಮನೆಯವಳಿಗೆ ಎರಡು ಸಲ ಓದಿ ತೋರಿಸಿ, ಅವಳು ಬೇಡವೆಂದ ಮೂರು ಜೋಕುಗಳನ್ನು ಹೊಡೆದುಹಾಕಿ ತಂದದ್ದು. ಅದನ್ನು ಜೇಬಿನಲ್ಲೇ ಬಿಡುತ್ತೇನೆ. ಆ ವಾಕ್ಯ ತಪ್ಪು. ಒಬ್ಬರಿಗೆ ಪೆಟ್ಟಾಗಿದೆ. ಅವರ ವಿಷಯವನ್ನೇ ಹೇಳುತ್ತೇನೆ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಅವರ ಕ್ಷಮೆಯನ್ನು ಮುಂಗಡವಾಗಿ ಕೇಳಿಕೊಳ್ಳುತ್ತೇನೆ.

ಅವರು ನನ್ನ ಅತ್ತೆ, ನನ್ನ ಹೆಂಡತಿಯ ತಾಯಿ.

ಅತ್ತೆ ಹೊಲಿಗೆ ಕಲಿಸುತ್ತಿದ್ದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಹದಿನಾಲ್ಕು ಮೆಷಿನ್ನುಗಳು ಎದುರುಬದುರಾಗಿ ನಿಂತಿದ್ದವು. ಹದಿಮೂರು ಕಾಲಿನಲ್ಲಿ ತುಳಿಯುವಂಥವು, ಹದಿನಾಲ್ಕನೆಯದಕ್ಕೆ ಮೋಟಾರು. ಅದು ಅವರದು. ಆ ಮೋಟಾರಿನ ಪೆಡಲನ್ನು ಅವರು ಹೆಬ್ಬೆರಳಿನ ತುದಿಯಿಂದ ಒತ್ತುತ್ತಿದ್ದರು. ಸೂಜಿ ಒಂದೇ ಒಂದು ಸಲ ಇಳಿದು, ಬಟ್ಟೆಯನ್ನು ಮುಟ್ಟಿ ನೋಡಿ, ಆಮೇಲೆ ಹೊರಡುತ್ತಿತ್ತು. "ಮೊದಲ ಹೊಲಿಗೆ ಮೆಲ್ಲಗೆ ಬೀಳಬೇಕು ಕಣ್ರೇ. ಮೊದಲ ಹೊಲಿಗೆ ಓಡಿದ್ರೆ ಇಡೀ ಬಟ್ಟೆ ಓಡುತ್ತೆ" ಎಂದು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರಂತೆ.

ನಾನು ಆ ಮನೆಗೆ ಮೊದಲ ಸಲ ಹೋದಾಗ, ಎಲ್ಲ ಹೊಸ ಇಂಜಿನಿಯರುಗಳ ಹಾಗೆ, ನನ್ನ ವಿದ್ಯೆ ತೋರಿಸಬೇಕೆನಿಸಿತು. ಮೋಟಾರು ಸ್ವಲ್ಪ ಸದ್ದು ಮಾಡುತ್ತಿತ್ತು. "ಐದು ನಿಮಿಷ ಅಮ್ಮ, ಸರಿ ಮಾಡ್ತೀನಿ" ಎಂದು ಬಿಚ್ಚಿದೆ. ಸದ್ದೇನೋ ನಿಂತಿತು. ಆದರೆ ಅಂದಿನಿಂದ ಪೆಡಲಿಗೆ ಪಾದ ತಾಗಿಸಿದರೆ ಸಾಕು, ಆ ಮೆಷಿನ್ನು ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತಿತ್ತು. ಮೊದಲ ಹೊಲಿಗೆ ಮೆಲ್ಲಗೆ ಬೀಳಲೇ ಇಲ್ಲ. ಕೊನೆಗೆ ಅವರು ಮೋಟಾರನ್ನು ತೆಗೆಸಿ, ಹದಿನಾಲ್ಕನೆಯದನ್ನೂ ತುಳಿಯತೊಡಗಿದರು. ಅದೇ ವರ್ಷ ನಾನು ಅವರ ಮಗಳನ್ನು ಮದುವೆಯಾದೆ.

"ಮೆಷಿನ್ನು ಕೆಡಿಸಿದ. ಮಗಳನ್ನೂ ಕರ್ಕೊಂಡು ಹೋದ" ಎಂದು ಅವರು ನೆರೆಯವರಿಗೆ ಹೇಳಿದರು. ಆಮೇಲೆ ನನಗೆ ಏನನ್ನೂ ಹೇಳಲಿಲ್ಲ. ಹತ್ತು ವರ್ಷ ಹೇಳಲಿಲ್ಲ.

ಜಗಳವಾಡಲಿಲ್ಲ, ಬೈಯಲಿಲ್ಲ. ಮಾತಾಡಲಿಲ್ಲ, ಅಷ್ಟೇ. ನನಗೊಂದು ಹೆಸರಿಟ್ಟರು: 'ಕರೆಂಟಿನವರು.' ನಾನು ಎದುರಿಗೇ ಕೂತಿದ್ದರೂ ಮಗಳನ್ನು ಕರೆದು, "ಕರೆಂಟಿನವರಿಗೆ ಇನ್ನಷ್ಟು ಚಹಾ ಬೇಕಾ ಕೇಳು" ಎನ್ನುತ್ತಿದ್ದರು. ನಾನೂ ಕಡಿಮೆಯವನಲ್ಲ. "ಬೇಡ ಅಂತ ಹೇಳು" ಎನ್ನುತ್ತಿದ್ದೆ. ನನ್ನ ಹೆಂಡತಿ ಹತ್ತು ವರ್ಷ ನಮ್ಮಿಬ್ಬರ ನಡುವಿನ ತಂತಿಯಾಗಿ ಕೆಲಸ ಮಾಡಿದಳು. ಅವಳು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಈಗ ನಗುತ್ತಿದ್ದಾಳೆ. ನಗು ಎಷ್ಟು ಹೊತ್ತು ಇರುತ್ತದೋ ನನಗೆ ಗೊತ್ತಿಲ್ಲ.

ಒಂಬತ್ತನೆಯ ವರ್ಷ ಅತ್ತೆಯ ಬೆನ್ನುಹುರಿಯ ಪಕ್ಕದಲ್ಲಿ ಒಂದು ಗಂಟು ಬೆಳೆಯಿತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಕಾಲಿನ ಸ್ವಾಧೀನ ಉಳಿಯಲಿಲ್ಲ. ಹದಿನಾಲ್ಕು ಮೆಷಿನ್ನುಗಳ ಕೋಣೆಗೆ ಬೀಗ ಹಾಕಿ ಅವರನ್ನು ನಮ್ಮ ಮನೆಗೆ ಕರೆತಂದೆವು. ನಡುಕೋಣೆಯಲ್ಲಿ ಕಿಟಕಿಗೆ ತಗುಲಿಸಿ, ಬದಿಗೆ ಕಬ್ಬಿಣದ ಕಂಬಿಯಿರುವ ಮಂಚ ಹಾಕಿದೆವು. ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಮೆಷಿನ್ನನ್ನು ಹಲಗೆಯ ಮೇಲಿಟ್ಟು ಮಡಿಲಿಗೆ ಕೊಟ್ಟೆವು.

ಇಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಬಾರದ ಒಬ್ಬರನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕು? ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ಮತ್ತೆ ಮಂಚಕ್ಕೆ. ಹೆಂಡತಿ ಕಂಕುಳಿಗೆ ಕೈ ಹಾಕುತ್ತಿದ್ದಳು, ನಾನು ಮೊಣಕಾಲ ಕೆಳಗೆ. ಹಾಗೆ ಎತ್ತುವಾಗ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೋವಿಗಲ್ಲ. ಮಾತಾಡದ ಅಳಿಯ ತನ್ನ ಕಾಲು ಹಿಡಿದು ಎತ್ತುತ್ತಿದ್ದಾನಲ್ಲ, ಅದಕ್ಕೆ.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಚಾವಣಿಗೊಂದು ಕಂಬಿ, ಕಂಬಿಯ ಮೇಲೊಂದು ಮೋಟಾರು, ಮೋಟಾರಿಗೆ ಸುತ್ತಿಕೊಳ್ಳುವ ಗಟ್ಟಿ ಪಟ್ಟಿ, ಪಟ್ಟಿಯ ತುದಿಗೆ ಬಟ್ಟೆಯ ಜೋಲಿ. ಇಂದು ನಿಮ್ಮ ಹೊಸ ವಾರ್ಡಿನ ಇಪ್ಪತ್ತೆರಡು ಹಾಸಿಗೆಗಳ ಮೇಲೆ ತೂಗುತ್ತಿದೆಯಲ್ಲ, ಅದರ ಮುತ್ತಜ್ಜಿ. ಕಾರ್ಖಾನೆಯ ದೊಡ್ಡ ಯಜಮಾನರು ಒಪ್ಪಿದರು, ಬಿಡಿಭಾಗ ಕೊಟ್ಟರು. ಬೆಂಚಿನ ಮೇಲೆ ಮರಳಿನ ಮೂಟೆ ಕಟ್ಟಿ ಎಂಟುನೂರು ಸಲ ಎತ್ತಿಳಿಸಿದೆ. ಒಂದು ತಪ್ಪಿಲ್ಲ. ಯಾಕೆ ತಪ್ಪುತ್ತದೆ ಹೇಳಿ? ಮರಳಿನ ಮೂಟೆ ಹೆದರುವುದಿಲ್ಲ, ಕೆಮ್ಮುವುದಿಲ್ಲ, ಕೈ ಚಾಚಿ ಮಂಚದ ಕಂಬಿ ಹಿಡಿದುಕೊಳ್ಳುವುದಿಲ್ಲ.

ಒಂದು ತಾಂತ್ರಿಕ ಮಾತು, ಒಂದೇ. ಮೋಟಾರಿನ ಬಾಲದಲ್ಲಿ ಸೆನ್ಸರ್ ಎಂಬ ಒಂದು ಕಣ್ಣಿರುತ್ತದೆ. ತಿರುಗುವ ದಂಡ ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅದು ಸಣ್ಣ ಕೇಬಲ್ಲಿನ ಮೂಲಕ ಮೋಟಾರನ್ನು ನಡೆಸುವ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಅದನ್ನು ನಂಬಿ ಕರೆಂಟು ಕೊಡುತ್ತದೆ. ಕೇಬಲ್ಲು ತುಂಡಾದರೆ? ಮೋಟಾರು ಓಡುತ್ತಿದ್ದರೂ 'ಅಲ್ಲಾಡುತ್ತಿಲ್ಲ' ಎಂಬ ಸುದ್ದಿ ಹೋಗುತ್ತದೆ. ಪೆಟ್ಟಿಗೆ ಗಾಬರಿಯಾಗಿ ಇನ್ನಷ್ಟು ಕರೆಂಟು ಸುರಿಯುತ್ತದೆ.

ಅಂದು ಭಾನುವಾರ. ಅತ್ತೆಯ ಮಂಚದ ಮೇಲೆ ಚಾವಣಿಗೆ ಕೂರಿಸಿದ್ದ ಯಂತ್ರವನ್ನು ನೋಡಲು ಹತ್ತು ಗಂಟೆಗೆ ದೊಡ್ಡ ಯಜಮಾನರು ನಮ್ಮ ಮನೆಗೆ ಬರುವವರಿದ್ದರು. ಹೆಂಡತಿ ಕುರ್ಚಿಗಳನ್ನು ಒರೆಸುತ್ತಿದ್ದಳು. ನಾನು ಏಣಿ ಹತ್ತಿ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿದೆ.

ಸಭಿಕರೇ, ಆಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಸೆನ್ಸರಿನ ಕೇಬಲ್ಲು ಕಂಬಿಯ ಅಂಚಿಗೆ ಉಜ್ಜಿ ಉಜ್ಜಿ, ಮೇಲಿನ ಸಿಪ್ಪೆ ಸೀಳಿ, ಒಳಗಿನ ತಾಮ್ರ ಕಾಣುತ್ತಿತ್ತು. ಹೊಸ ಕೇಬಲ್ಲು ಕಾರ್ಖಾನೆಯಲ್ಲಿತ್ತು. ಹೋಗಿ ಬರಲು ಒಂದೂವರೆ ಗಂಟೆ. ಯಜಮಾನರು ಬರಲು ನಲವತ್ತು ನಿಮಿಷ. ನಾನು ಜೇಬಿನಿಂದ ಕಪ್ಪು ಟೇಪು ತೆಗೆದು ಅದಕ್ಕೆ ಸುತ್ತಿದೆ. ಸುತ್ತಿ, ಏಣಿ ಇಳಿದು, ಕೈ ತೊಳೆದುಕೊಂಡೆ.

ಯಜಮಾನರು ಬಂದರು, ಚಹಾ ಕುಡಿದರು. ಅತ್ತೆಯನ್ನು ಜೋಲಿಯಲ್ಲಿ ಕೂರಿಸಿ ಗುಂಡಿ ಒತ್ತಿದೆ. ಒಂದಡಿ ಚೆನ್ನಾಗಿ ಏರಿತು. ಯಜಮಾನರು "ಭೇಷ್" ಎಂದರು. ಆ ಮಾತು ಕಿವಿಗೆ ಬಿದ್ದ ಕ್ಷಣಕ್ಕೇ ಮೋಟಾರು ಚೀರಿತು. ಜೋಲಿ ಮೇಲಕ್ಕೆ ನೆಗೆಯಿತು, ಫ್ಯೂಸು ಹೋಯಿತು, ಬ್ರೇಕು ಹಿಡಿಯುವಷ್ಟರಲ್ಲಿ ಕೆಳಕ್ಕೆ ಬಿದ್ದು ಉಯ್ಯಾಲೆಯ ಹಾಗೆ ಬೀಸಿತು. ಅತ್ತೆ ಮುಖ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದರು. ಮಂಚದ ಕಬ್ಬಿಣಕ್ಕೆ ಕೈ ಬಡಿದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಮಣಿಕಟ್ಟು ಮುರಿಯಿತು. ಅವರು ಕೂಗಲಿಲ್ಲ. "ಅಮ್ಮಾ" ಎಂದದ್ದು ನನ್ನ ಹೆಂಡತಿ.

ಕಾಲು ಮೊದಲೇ ಹೋಗಿತ್ತು. ಅವರ ಪಾಲಿಗೆ ಉಳಿದದ್ದು ಆ ಕೈ.

"ಕೇಬಲ್ಲು ಇದ್ದಕ್ಕಿದ್ದ ಹಾಗೆ ತುಂಡಾಯ್ತು" ಎಂದು ನಾನು ಯಜಮಾನರಿಗೆ ಹೇಳಿದೆ. ಮೂಳೆ ಡಾಕ್ಟರಿಗೆ ಹೇಳಿದೆ. ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಳುತ್ತಿದ್ದಳು, ಆದರೂ ನನ್ನನ್ನೇ ಸಮಾಧಾನ ಮಾಡಿದಳು. "ನಿಮ್ಮ ತಪ್ಪೇನಿದೆ ಅದರಲ್ಲಿ? ಯಂತ್ರ ಅಂದ್ಮೇಲೆ ಕೆಡುತ್ತೆ. ಆದ್ರೆ ಅದನ್ನ ಮೊದಲು ಕೆಳಗಿಳಿಸಿ" ಎಂದಳು. ಇಳಿಸಿದೆ. ಚಾವಣಿಯಲ್ಲಿ ನಾಲ್ಕು ತೂತು ಉಳಿದವು.

ಟೇಪಿನ ವಿಷಯ ನಾನು ಹೆಂಡತಿಗೆ ಅಂದು ಹೇಳಲಿಲ್ಲ. ಮರುದಿನ ಹೇಳಲಿಲ್ಲ. ಇಪ್ಪತ್ತು ವರ್ಷ ಹೇಳಲಿಲ್ಲ. ಅವಳು ಇದನ್ನು ಕೇಳುತ್ತಿರುವುದು ಈಗ, ನಿಮ್ಮೆಲ್ಲರ ಜೊತೆಗೆ, ಮೊದಲ ಸಲ.

ನೀರು ಕುಡಿಯಲು ಒಂದು ನಿಮಿಷ ಕೊಡಿ.

ಆಮೇಲೆ ಮೂರು ತಿಂಗಳು ಮತ್ತೆ ಕೈಯಲ್ಲೇ ಎತ್ತಿದೆವು. ಅತ್ತೆಯ ಬಲಗೈಗೆ ಪಟ್ಟಿ. ಮಡಿಲ ಮೆಷಿನ್ನಿಗೆ ಬಟ್ಟೆ ಮುಚ್ಚಿತ್ತು. ಹೆಂಡತಿಗೆ ಸೊಂಟ ಹಿಡಿದುಕೊಂಡಿತ್ತು; ಬಗ್ಗಿದರೆ ಏಳಲು ಗೋಡೆ ಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಔಷಧಿ ತರಲು ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ನಾನು ಬಾಗಿಲ ಬಳಿ ಪತ್ರಿಕೆ ಹಿಡಿದು ಕೂತಿದ್ದೆ. ಮಂಚದಿಂದ ಧ್ವನಿ ಬಂತು.

"ಆ ಕಪ್ಪು ಟೇಪು ಎಷ್ಟು ಸುತ್ತು ಸುತ್ತಿದ್ರಿ?"

ಹತ್ತು ವರ್ಷದಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಪತ್ರಿಕೆ ಕೈಯಿಂದ ಜಾರಿತು.

"ಮೂರು" ಎಂದೆ.

"ನಾಲ್ಕು. ನಾನು ಎಣಿಸಿದ್ದೆ. ಮಲಗಿದವಳಿಗೆ ಚಾವಣಿ ಬಿಟ್ರೆ ಇನ್ನೇನಿದೆ ನೋಡೋಕೆ?"

"ನೋಡಿದ್ರಾ? ಹಾಗಿದ್ರೆ ಆಗಲೇ ಯಾಕೆ ಹೇಳಲಿಲ್ಲ?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ನಾವು ಮಾತಾಡ್ತಿರಲಿಲ್ವಲ್ಲ" ಎಂದರು.

ನಾನು ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ಗೊತ್ತಾದದ್ದು ಅಂಗೈ ಒದ್ದೆಯಾದ ಮೇಲೆ. ಅವರೇ ಮಾತು ಮುಂದುವರಿಸಿದರು. "ನಾಲಿಗೆ ತುದಿಗೆ ಬಂದಿತ್ತು. ಕರೆಂಟಿನವರೇ, ಅದು ಸರಿಯಿಲ್ಲ ಅನ್ನೋಣ ಅಂತ. ಹತ್ತು ವರ್ಷದ ಹಟ ಬಾಯಿಗೆ ಅಡ್ಡ ಕೂತಿತ್ತು. ಅರ್ಧ ತಪ್ಪು ನಂದು. ಮಗಳಿಗೆ ನಾನು ಹೇಳಿಲ್ಲ."

"ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀವು ಹೇಳಿದ್ರೆ ಮಾತಾಗುತ್ತೆ. ಯಾವತ್ತಾದ್ರೂ ಹೇಳಿ. ಈಗ ಆ ಯಂತ್ರ ಮತ್ತೆ ಮಾಡಿ. ಅವಳ ಸೊಂಟ ನೋಡೋಕಾಗ್ತಿಲ್ಲ."

"ಇನ್ನೊಂದು ಸಲ ನಿಮ್ಮನ್ನ ಅದರಲ್ಲಿ ಕೂರಿಸೋ ಧೈರ್ಯ ನನಗಿಲ್ಲ ಅಮ್ಮ."

"ನನ್ನ ಬಿಟ್ಟು ಬೇರೆಯವರ ತಾಯಿನ ಕೂರಿಸಿ ನೋಡ್ತೀರಾ? ಒಂದೇ ಷರತ್ತು. ಇನ್ಮುಂದೆ ಕಂಡಿದ್ದನ್ನ ಆಗಲೇ ಹೇಳಿಬಿಡಬೇಕು. ನೀವೂ ಅಷ್ಟೇ, ನಾನೂ ಅಷ್ಟೇ."

ಆ ದಿನದಿಂದ ಎರಡು ವರ್ಷ ನಾನು ಇಬ್ಬರ ಬಳಿ ಪಾಠ ಹೇಳಿಸಿಕೊಂಡೆ. ಒಬ್ಬರು ಅತ್ತೆ. ಇನ್ನೊಬ್ಬರು ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕಿ. ವೇದಿಕೆಯಲ್ಲಿ ಎಡದಿಂದ ಎರಡನೆಯವರು. ನಮ್ಮ ಮನೆಯಲ್ಲಿ ಅವರಿಗೆ 'ಲೆಕ್ಕದ ಮೇಡಂ' ಎಂದೇ ಹೆಸರು. ತುಂಡಾಗದ ಕೇಬಲ್ಲು ಎಲ್ಲಿ ಸಿಗುತ್ತದೆಂದು ನಾನು ಅವರನ್ನು ಕೇಳಲು ಹೋಗಿದ್ದೆ. ಅವರು, "ತುಂಡಾಗದ ಕೇಬಲ್ಲು ಅಂದ್ರೆ ಇಲ್ಲದ ಕೇಬಲ್ಲು. ಕಿತ್ತು ಹಾಕಿ" ಎಂದರು.

ಸೆನ್ಸರ್ ಇಲ್ಲದೆ ದಂಡ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಅವರು ಕಲಿಸಿದ ಉಪಾಯ ಇದು. ಪೆಟ್ಟಿಗೆಯೊಳಗೆ, ಲೆಕ್ಕದಲ್ಲೇ, ಇನ್ನೊಂದು ಮೋಟಾರು ಕಟ್ಟಬೇಕು. ನಿಜವಾದ ಮೋಟಾರಿಗೆ ಕೊಟ್ಟಷ್ಟೇ ವೋಲ್ಟೇಜನ್ನು ಲೆಕ್ಕದ ಮೋಟಾರಿಗೂ ಕೊಡಬೇಕು. ಎರಡೂ ಎಳೆಯುವ ಕರೆಂಟು ಒಂದೇ ಆದರೆ ನಮ್ಮ ಊಹೆ ಸರಿ. ಬೇರೆಯಾದರೆ ಊಹೆ ಎಲ್ಲೋ ತಪ್ಪಿದೆ. ಆ ವ್ಯತ್ಯಾಸವನ್ನೇ ಹಿಡಿದು ಊಹೆಯನ್ನು ತಿದ್ದಬೇಕು. ಸೆಕೆಂಡಿಗೆ ಹತ್ತು ಸಾವಿರ ಸಲ ತಿದ್ದಬೇಕು. ಕೇಳಲು ಸುಲಭ. ಆದರೆ ಮೋಟಾರು ನಮ್ಮ ಪುಸ್ತಕ ಓದಿರುವುದಿಲ್ಲ. ಬಿಸಿಯಾದಂತೆ ಅದರ ತಾಮ್ರದ ಗುಣ ಬದಲಾಗುತ್ತದೆ. ಕರೆಂಟು ಎರಡರಷ್ಟು ಕೊಟ್ಟರೆ ಬಲ ಎರಡರಷ್ಟು ಬರುವುದಿಲ್ಲ. ಕಬ್ಬಿಣಕ್ಕೂ ಹೊಟ್ಟೆ ತುಂಬುತ್ತದೆ.

ಮೇಡಂ ಒಮ್ಮೆ ಮನೆಗೇ ಬಂದರು. "ಎಷ್ಟು ತೂಕಕ್ಕೆ ಲೆಕ್ಕ ಹಾಕಿದ್ದೀರಿ?" ಎಂದು ಕೇಳಿದರು.

"ನಲವತ್ತೆಂಟು ಕೆಜಿ."

"ನಾಳೆ ಅವರು ದಪ್ಪ ಆದ್ರೆ? ಪಕ್ಕದ ಮನೆಯ ತಾತ ಬಂದು ಕೂತ್ರೆ? ಮೋಟಾರು ಬಿಸಿ ಇದ್ರೆ?"

ಮಂಚದ ಮೇಲಿದ್ದ ಅತ್ತೆ ಎದ್ದು ಕೂತವರ ಹಾಗೆ ಮಾತಾಡಿದರು. "ಅದನ್ನೇ ನಾನೂ ಹೇಳೋದು. ಬೆಳೆಯೋ ಮಗುವಿಗೆ ಹೊಲಿಯುವಾಗ ಒಳಗೆ ಬಟ್ಟೆ ಬಿಟ್ಟು ಹೊಲೀಬೇಕು. ಬಿಗಿಯಾಗಿ ಅಳತೆಗೆ ಹೊಲಿದ್ರೆ ಒಂದು ದಿನ ಚೆಂದ, ಮಾರನೇ ದಿನ ಹರಿಯುತ್ತೆ."

ಮೇಡಂ ನನ್ನ ಕಡೆ ತಿರುಗಿ, "ಇದನ್ನ ಹೇಳೋಕೆ ನಾನು ತರಗತೀಲಿ ಆರು ವಾರ ತಗೋತೀನಿ" ಎಂದರು. ಅಂದಿನಿಂದ ನಮ್ಮ ಲೆಕ್ಕ ಒಂದು ತೂಕಕ್ಕಲ್ಲ. ಮೂವತ್ತರಿಂದ ನೂರ ಮೂವತ್ತು ಕೆಜಿಯವರೆಗೆ ಯಾರೇ ಕೂತರೂ, ಕೆಮ್ಮಿದರೂ, ಹೆದರಿ ಕಂಬಿ ಹಿಡಿದರೂ ಜೋಲಿ ದಾರಿ ತಪ್ಪಬಾರದು ಎಂಬುದಕ್ಕೆ. ನಮ್ಮ ಶಾಸ್ತ್ರದಲ್ಲಿ ಈ ಗುಣಕ್ಕೆ ದೊಡ್ಡ ಹೆಸರಿದೆ. ನಮ್ಮ ಮನೆಯಲ್ಲಿ ಅದಕ್ಕೆ 'ಒಳಗೆ ಬಟ್ಟೆ ಬಿಡೋದು' ಎನ್ನುತ್ತಿದ್ದೆವು.

ಚಾವಣಿಯ ಆ ನಾಲ್ಕು ತೂತಿಗೇ ಮತ್ತೆ ಬೋಲ್ಟು ಹಾಕಿದೆವು. ಈ ಸಲ ಬ್ರೇಕು ಎರಡು. ಆರು ತಿಂಗಳು ಮರಳಿನ ಮೂಟೆ, ಆಮೇಲೆ ನಾನೇ ಕೂತು ನೂರು ಸಲ. ಆಮೇಲೆಯೇ ಅವರು, ಮಂಚದ ಮೇಲೆ ಒಂದು ಗೇಣು ಎತ್ತರದಲ್ಲಿ. ನಮ್ಮ ಮೊದಲ ಲೆಕ್ಕ ತುಂಬ ಹಟಮಾರಿಯದು. ದಾರಿಯಿಂದ ಕೂದಲೆಳೆ ಸರಿದರೂ ಪೂರ್ತಿ ಬಲದಿಂದ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ತಳ್ಳುತ್ತಿತ್ತು. ಜೋಲಿ ದಾರಿ ತಪ್ಪಲಿಲ್ಲ. ಆದರೆ ಸಣ್ಣಗೆ ನಡುಗುತ್ತಿತ್ತು. ನನ್ನ ಮೀಟರಿಗೆ ಆ ನಡುಕ ಕಾಣಲಿಲ್ಲ. ಅತ್ತೆ ಬಾಯಿಗೆ ಕೈಯಿಟ್ಟು ಕಟ್ಟಿಸಿದ ಹಲ್ಲು ಹೊರತೆಗೆದು ನನ್ನ ಕೈಗೆ ಕೊಟ್ಟರು. "ಹಿಡ್ಕೊಳ್ಳಿ. ಕಟಕಟ ಅಂತ ಅದೇ ಮಾತಾಡ್ತಿದೆ, ನನಗೆ ಬಿಡ್ತಿಲ್ಲ." ಆ ನಡುಕ ಕಳೆಯಲು ಐದು ತಿಂಗಳು ಹಿಡಿಯಿತು. ಹಲ್ಲು ಬಾಯಲ್ಲಿದ್ದೂ ಸುಮ್ಮನಿದ್ದ ದಿನವೇ ನಮಗೆ ಫಲಿತಾಂಶ.

ಕೊನೆಯ ತೊಡಕು ನಿಂತ ಮೋಟಾರಿನದು. ತಿರುಗುವ ಮೋಟಾರು ತನ್ನ ಸುದ್ದಿಯನ್ನು ಕರೆಂಟಿನಲ್ಲಿ ಹೇಳುತ್ತದೆ. ನಿಂತ ಮೋಟಾರು ಮೌನಿ. ದಂಡ ಯಾವ ಕಡೆ ಮುಖ ಮಾಡಿದೆಯೋ ಗೊತ್ತಾಗದೆ ಹೊರಟರೆ ಜರ್ಕು ಹೊಡೆಯುತ್ತದೆ. ಅದಕ್ಕೆ ಮೇಡಂ ಹೇಳಿದ ಉಪಾಯ: ಹೊರಡುವ ಮೊದಲು ಅತಿ ಸಣ್ಣ, ಅತಿ ವೇಗದ ಒಂದು ಕಂಪನವನ್ನು ಅದರೊಳಗೆ ಕಳಿಸಿ, ಮರುದನಿ ಹೇಗೆ ಬರುತ್ತದೆಂದು ನೋಡಬೇಕು. ಉಪಾಯ ಫಲಿಸಿತು. ಆದರೆ ಪ್ರತಿ ಸಲ ಎತ್ತುವ ಮೊದಲು 'ಹೂಂ...' ಎಂಬ ಸಣ್ಣ ಸದ್ದು ಕೇಳುತ್ತಿತ್ತು. ಕಾರ್ಖಾನೆಯವರು ಸದ್ದು ಅಡಗಿಸಿ ಎಂದರು. ನಾನು ಅಡಗಿಸಲು ಕೂತೆ. ಅತ್ತೆ ತಡೆದರು.

"ಇರಲಿ ಬಿಡಿ ಅದು. ಅದೊಂದೇ ನನಗೆ ಹೇಳಿ ಎತ್ತೋದು. ನೀವೆಲ್ಲ ಎಷ್ಟು ಪ್ರೀತಿಯಿಂದ ಎತ್ತಿದ್ರೂ ಹೇಳದೇ ಎತ್ತುತಿದ್ರಿ. ಮೂಟೆ ಎತ್ತಿದ ಹಾಗೆ."

ದಾದಿಯರೇ, ಆಯಾಗಳೇ, ನಿಮ್ಮ ಹೊಸ ವಾರ್ಡಿನ ಯಂತ್ರಗಳು ಏರುವ ಮೊದಲು ಒಮ್ಮೆ ಗೊಣಗುತ್ತವೆ. ಅದು ದೋಷವಲ್ಲ. ದಯವಿಟ್ಟು ದೂರು ಬರೆಯಬೇಡಿ. ಸಾಧ್ಯವಾದರೆ ಅದರ ಜೊತೆಗೆ ನೀವೂ ಒಂದು ಮಾತು ಹೇಳಿ: "ಎತ್ತುತೀನಿ ಅಮ್ಮ" ಎಂದು.

ಕಡೆಗೆ ಪೂರ್ತಿ ಎತ್ತರದ ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಮೂರು ಗಂಟೆ. ಕೋಣೆಯಲ್ಲಿ ಮೇಡಂ, ನಾನು. ಹೆಂಡತಿ ಒಳಗೆ ಬರಲು ಒಪ್ಪದೆ ಹೊಸ್ತಿಲಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಜೋಲಿ ಅತ್ತೆಯೇ ಕತ್ತರಿಸಿ ಹೊಲಿದದ್ದು; ತೊಡೆಗೆ ಒತ್ತದ ಹಾಗೆ ಅಂಚು ಮಡಿಸಿದ್ದರು. ಯಂತ್ರ ಗೊಣಗಿತು. ಏರತೊಡಗಿತು. ಎರಡಡಿ ಏರಿದ ಮೇಲೆ ಅವರು ಕುತ್ತಿಗೆಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದರು. ಮಡಿಲಿನಿಂದ ದಾರ ತೆಗೆದು ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದರು. ನನಗೆ ಮೊದಲೇ ಹೇಳಿರಲಿಲ್ಲ. ಮುರಿದು ಕೂಡಿದ ಬಲಗೈ ಸ್ವಲ್ಪ ಓರೆಯಾಗಿಯೇ ಉಳಿದಿತ್ತು. ಮೊದಲ ಸಲ ದಾರ ಸೂಜಿಯ ಪಕ್ಕದಲ್ಲಿ ಹೋಯಿತು. ನನ್ನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ.

"ನಿಲ್ಲಿಸಬೇಡಿ. ಇದು ನನ್ನ ಕೈಯ ತಪ್ಪು, ಅದರದಲ್ಲ" ಎಂದರು.

ಎರಡನೆಯ ಸಲವೂ ತಪ್ಪಿತು. ಯಂತ್ರ ಏರುತ್ತಲೇ ಇತ್ತು. ಮೂರನೆಯ ಸಲ ದಾರ ಸೂಜಿಯ ಕಣ್ಣಿನೊಳಗೆ ಹೋಯಿತು. ಅವರು ದಾರ ಎಳೆದು, ತುದಿಗೆ ಗಂಟು ಹಾಕಿ, ಎತ್ತಿ ತೋರಿಸಿದರು. ನನಗಲ್ಲ, ಹೊಸ್ತಿಲಲ್ಲಿದ್ದ ಮಗಳಿಗೆ. "ಬಾ ಒಳಗೆ. ನಿನ್ನ ಗಂಡ ಕೊನೆಗೂ ಮೊದಲ ಹೊಲಿಗೆ ಮೆಲ್ಲಗೆ ಹಾಕೋದು ಕಲಿತ" ಎಂದರು. ಕರೆಂಟಿನವರು ಎನ್ನಲಿಲ್ಲ.

ಅವರು ಇನ್ನೂ ಆರು ವರ್ಷ ನಮ್ಮ ಜೊತೆ ಇದ್ದರು. ಯಾರ ಸೊಂಟಕ್ಕೂ ಭಾರವಾಗದೆ, ದಿನಕ್ಕೆ ಎಂಟು ಸಲ ಏರಿ ಇಳಿದರು. ಆ ಜೋಲಿಯ ನಮೂನೆಯನ್ನು ಕಾಗದದ ಮೇಲೆ ಕತ್ತರಿಸಿ ಕೊಟ್ಟರು. ಇಂದಿಗೂ ಕಾರ್ಖಾನೆ ಅದನ್ನೇ ಹೊಲಿಸುತ್ತದೆ. ನಾವಿಬ್ಬರೂ ಷರತ್ತಿನಂತೆ ಕಂಡದ್ದನ್ನೆಲ್ಲ ಹೇಳಿಕೊಂಡೆವು. ನಾನು ಕನ್ನಡಕ ಹಾಕಿಕೊಂಡರೆ ಗೂಬೆಯ ಹಾಗೆ ಕಾಣುತ್ತೇನೆ ಎಂಬುದನ್ನೂ ಅವರು ಬಿಡಲಿಲ್ಲ.

ಆದರೆ ಆಗಾಗ, ಮಗಳು ಹೊರಗೆ ಹೋಗಿದ್ದಾಗ, ಒಂದೇ ಮಾತು ಕೇಳುತ್ತಿದ್ದರು. "ಹೇಳಿದ್ರಾ?"

"ಇನ್ನೂ ಇಲ್ಲ."

"ಹೂಂ."

ಬೈಯುತ್ತಿರಲಿಲ್ಲ. ಹೇಳುವುದು ಅವರ ಕೈಯಲ್ಲೇ ಇತ್ತು. ಮಗಳ ಎದುರು ಒಂದು ವಾಕ್ಯ ಆಡಿದ್ದರೆ ಸಾಕಿತ್ತು. ಮುರಿದ ಕೈ ಅವರದು, ನೋವು ಅವರದು. ಆದರೂ ಆ ವಾಕ್ಯವನ್ನು ನನ್ನ ಪಾಲಿಗೆ ಬಿಟ್ಟು ಕಾದರು. ನಾನು ಯಾಕೆ ಹೇಳಲಿಲ್ಲ? ಮೊದಲು ಭಯ. ಆಮೇಲೆ, ಇಷ್ಟು ಚೆನ್ನಾಗಿರುವಾಗ ಯಾಕೆ ಎಂಬ ಲೆಕ್ಕಾಚಾರ. ಆಮೇಲೆ, ಇಷ್ಟು ತಡವಾದ ಮೇಲೆ ಹೇಗೆ ಎಂಬ ನಾಚಿಕೆ. ಮೋಟಾರಿನ ಒಳಗುಟ್ಟು ತಿಳಿಯಲು ನೂರು ದಾರಿ ಹುಡುಕಿದವನು, ನನ್ನ ಒಳಗಿನದನ್ನು ಹೇಳಲು ಒಂದು ದಾರಿ ಹುಡುಕಲಿಲ್ಲ. ಕೊನೆಯ ವಾರ ಅವರಿಗೆ ಮಾತು ಕಷ್ಟವಾಗಿತ್ತು. ನನ್ನನ್ನು ನೋಡಿದರು, ಆದರೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಹನ್ನೆರಡು ವರ್ಷದಿಂದ ಅನ್ನಿಸುತ್ತಿದೆ.

ಅಧ್ಯಕ್ಷರೇ, ಸನ್ಮಾನವನ್ನು ನಾನು ಹಿಂದಿರುಗಿಸುವುದಿಲ್ಲ. ನಾಟಕವಾಗುತ್ತದೆ. ಒಂದೇ ವಿನಂತಿ: ಆ ಒಂದು ವಾಕ್ಯವನ್ನು ಹೊಡೆದುಹಾಕಿ, ಆ ಜಾಗದಲ್ಲಿ 'ಒಬ್ಬರಿಗೆ ಪೆಟ್ಟಾಯಿತು, ಅವರೇ ಈ ಯಂತ್ರವನ್ನು ತಿದ್ದಿದರು' ಎಂದು ಬರೆಸಿಕೊಡಿ. ಇಲ್ಲಿ ಕೆಲಸ ಮಾಡುವ ಕಿರಿಯ ತಂತ್ರಜ್ಞರಿಗೂ ಒಂದು ಮಾತು. ಸೀಳಿದ್ದು ಕಂಡರೆ, ಎದುರಿಗೆ ಯಾವ ದೊಡ್ಡವರೇ ಚಹಾ ಕುಡಿಯುತ್ತಿರಲಿ, ಯಂತ್ರ ನಿಲ್ಲಿಸಿ. ನಿಮಗೆ ಮಾತು ಬಿಟ್ಟವರ ಹತ್ತಿರವೂ ಆ ಒಂದು ಮಾತು ಆಡಿ.

ಈಗ ಧನ್ಯವಾದ. ಲೆಕ್ಕದ ಮೇಡಂಗೆ, ಕಾರ್ಖಾನೆಯ ಗೆಳೆಯರಿಗೆ, ಈ ಆಸ್ಪತ್ರೆಯ ಎಲ್ಲರಿಗೂ ಹೃದಯ ತುಂಬಿ ಧನ್ಯವಾದ. ಇನ್ನೂ ಹೆಸರಿಸಬೇಕಾದವರು ಬಹಳ ಜನ ಇದ್ದಾರೆ, ಅವರೆಲ್ಲ ಕ್ಷಮಿಸಬೇಕು. ಟೇಪಿನ ಮಾತು ಎತ್ತಿದಾಗಿನಿಂದ ನಾನು ಮೂರನೆಯ ಸಾಲಿನ ಕಡೆ ನೋಡದೆ ಮಾತಾಡಿದೆ. ಈಗ ನೋಡಿದೆ. ನನ್ನ ಹೆಂಡತಿ ನಗುತ್ತಿಲ್ಲ. ಕಣ್ಣು ಒರೆಸಿಕೊಂಡಿದ್ದಾಳೆ. ಆದರೆ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಕುರ್ಚಿ ಖಾಲಿಯಾಗಿದೆ.

ಅದರ ಅರ್ಥವೇನೆಂದು ಇಲ್ಲಿಂದ ಊಹಿಸುತ್ತಾ ನಿಲ್ಲುವುದಿಲ್ಲ. ಹೋಗಿ ಪಕ್ಕದಲ್ಲಿ ಕೂತು ಕೇಳುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕಿವಿಗೊಟ್ಟಿರಿ. ನಿಮಗೆಲ್ಲ ನಮಸ್ಕಾರ.